ಎಂಜಿನ್ನಿಗೆ ಕಾವಲು

ಜನವರಿ 9, ಗುರುವಾರ

ಗಾಡಿ ಕೊನೆಗೂ ಕೈಕೊಟ್ಟಿತು.

ಮನೆ ಬದಲಿಸುತ್ತಿದ್ದ ಒಬ್ಬ ಟೀಚರಮ್ಮನ ಸಾಮಾನು ಹೇರಿಕೊಂಡು ಸೇತುವೆಯ ಏರು ಹತ್ತುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಎಳೆತ ಸತ್ತಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಇಲ್ಲ, ಬರೀ ಬಿಳಿ ಹೊಗೆ. ಬದಿಗೆ ಹಾಕಿ ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ನಿನ ಒಳಗೆ ನೀರು ಸೇರಿದೆ ಎಂದರ್ಥ. ಇಷ್ಟನ್ನು ನನ್ನ ಯಜಮಾನರೇ, ಇವರೇ, ನನಗೆ ಕಲಿಸಿ ಹೋಗಿದ್ದಾರೆ.

ಟೀಚರಮ್ಮ ತೊಡೆಯ ಮೇಲೆ ಮೀನಿನ ಗಾಜಿನ ತೊಟ್ಟಿ ಇಟ್ಟುಕೊಂಡು ಪಕ್ಕದ ಸೀಟಿನಲ್ಲೇ ಕೂತಿದ್ದರು. "ಮೀನಿಗೇನೂ ಆಗಲ್ಲ ತಾನೇ?" ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇರೆ ಗಾಡಿ ತರಿಸಿ, ಸಾಮಾನೆಲ್ಲ ಬದಲಾಯಿಸಿ, ನಮ್ಮದನ್ನು ಎಳೆಸಿಕೊಂಡು ಮನೆಗೆ ಬರುವಾಗ ಸಂಜೆಯಾಗಿತ್ತು.

ಇವರ ತಾಯಿ ಬಾಗಿಲಲ್ಲೇ ನಿಂತಿದ್ದರು. ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದದ್ದನ್ನು ನೋಡಿ, "ಮಾರಿ ಕೈ ತೊಳ್ಕೊ. ನನ್ನ ಮಗನನ್ನ ತಿಂದ ಗಾಡಿ ಅದು," ಎಂದು ಒಳಗೆ ಹೋದರು.

ಗಾಡಿ ಇವರನ್ನು ತಿನ್ನಲಿಲ್ಲ. ಕಳೆದ ವರ್ಷ ಇದೇ ತಿಂಗಳು, ತುಂಬಿದ ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಕೈ ಬ್ರೇಕು ಹಾಕಿ, ಎಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟರು. ಸುಸ್ತಾಗಿದೆ, ಒಂದು ಗಳಿಗೆ ಮಲಗಲಿ ಎಂದು ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅವರು ಮತ್ತೆ ಏಳಲೇ ಇಲ್ಲ. ಆವತ್ತು ಇವರ ತಾಯಿ ಒಂದೇ ಪ್ರಶ್ನೆ ಕೇಳಿದ್ದು: "ಪಕ್ಕದಲ್ಲೇ ಕೂತಿದ್ದೆಯಲ್ಲ, ನಿನಗೆ ಕಾಣಲಿಲ್ವಾ?" ಆಮೇಲೆ ಮತ್ತೆ ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಆ ಮಾತು ಮೂರನೆಯವಳ ಹಾಗೆ ನಮ್ಮ ಜೊತೆಗೇ ವಾಸವಾಗಿದೆ.

ಮಾರುವುದಿಲ್ಲ. ನನಗೆ ಬರುವ ಕೆಲಸ ಇದೊಂದೇ.

ಜನವರಿ 13, ಸೋಮವಾರ

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವ ಅಂಗಡಿ ಹುಡುಕಲು ಹೊರಟೆ. ಚಪ್ಪಲಿ ಮೆಟ್ಟುತ್ತಿದ್ದಾಗ ಇವರ ತಾಯಿಯೂ ಶಾಲು ಹೊದ್ದು ಬಂದರು.

"ನೀವೆಲ್ಲಿಗೆ?"

"ನನ್ನ ಮಗನ ಗಾಡಿ. ನೀನು ಯಾರೋ ಕಳ್ಳನ ಕೈಲಿ ಕೊಟ್ಟು ಬಂದ್ರೆ?"

ಮಾರು ಅಂದವರೂ ಅವರೇ. ದಾರಿಯಲ್ಲಿ ಎರಡು ಸಲ ನಿಂತು ಅಂಗಡಿಗಳ ಗಾಜಿನೊಳಗೆ ಇಟ್ಟ ಬಟ್ಟೆ, ಪಾತ್ರೆ ನೋಡಿದರು. ಕೊಳ್ಳುವುದೇನೂ ಇಲ್ಲ. ಈ ವಯಸ್ಸಿನಲ್ಲಿ ಈ ಚಪಲ. ನಾನು ಮುಂದೆ ಹೋಗಿ ಕಾಯಬೇಕಾಯಿತು.

ದೊಡ್ಡ ಅಂಗಡಿ. ಮಾಲೀಕನಿಗೆ ಗಾಜಿನ ಕೋಣೆ. ಗಾಡಿಯ ವಯಸ್ಸು ಕೇಳಿದ, ನಕ್ಕ. "ಇದಕ್ಕೆ ಖರ್ಚು ಮಾಡೋದು ದಂಡ. ಗುಜರಿಗೆ ಹಾಕಿ." ಎಂಜಿನ್ ತೆಗೆದೂ ನೋಡಿಲ್ಲವಲ್ಲ ಎಂದೆ. ಆಗ ಅವನು, "ಅಮ್ಮಾ, ಇದೆಲ್ಲ ನಿಮಗೆ ತಿಳಿಯಲ್ಲ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ," ಎಂದ.

ಇವರ ತಾಯಿ ಕುರ್ಚಿಯಿಂದ ಮೆಲ್ಲಗೆ ಎದ್ದರು. "ಇದ್ದ ಒಬ್ಬ ಗಂಡಸನ್ನ ಕಳಿಸಿ ಆಯ್ತಪ್ಪ. ಅವನು ವಾಪಸ್ ಬರೋದಾದ್ರೆ ನಿನ್ನ ಹತ್ರ ಯಾಕೆ ಬರ್ತಾನೆ, ಮೊದಲು ನನ್ನ ಹತ್ರ ಬರ್ತಾನೆ."

ಮನೆಗೆ ಬಂದ ಮೇಲೆ ಅವರು ಚಹಾ ಎರಡು ಲೋಟ ಮಾಡಿದರು.

ಜನವರಿ 22, ಬುಧವಾರ

ಗಾಡಿ ಅಂಗಡಿಗೆ ಸೇರಿ ನಾಲ್ಕು ದಿನವಾಯಿತು. ನಾಲ್ಕಾರು ಕಡೆ ಅಲೆದ ಮೇಲೆ ಸಿಕ್ಕ ಜಾಗ. ಒಬ್ಬನಿಗೆ ಪುರುಸೊತ್ತಿಲ್ಲ, ಒಬ್ಬನಿಗೆ ಹಳೆಯ ಎಂಜಿನ್ ಎಂದರೆ ಅಲರ್ಜಿ. ಇವನು ಮಾತ್ರ ಗಾಡಿಯನ್ನು ನೋಡಿ ಬಾನೆಟ್ ಸವರಿದ. "ಅಕ್ಕಾ, ಇಂಥ ಗಟ್ಟಿ ಎಂಜಿನ್ ಈಗ ಎಲ್ಲಿ ಬರುತ್ತೆ ಅಕ್ಕಾ? ಅಣ್ಣ ಎಷ್ಟು ಚೆನ್ನಾಗಿ ಇಟ್ಕೊಂಡಿದ್ರು ಅಕ್ಕಾ!" ಮಾತಿಗೊಮ್ಮೆ ಅಕ್ಕ. ಜೇನುಬಾಯಿ ಎಂದೇ ಕರೆಯಬೇಕು ಇವನನ್ನು.

ನನ್ನ ಕಣ್ಣು ತುಂಬಿಬಿಟ್ಟಿತು. ಇವರ ಗಾಡಿಯ ಬಗ್ಗೆ ಒಳ್ಳೆಯ ಮಾತು ಕೇಳಿ ಎಷ್ಟು ದಿನವಾಗಿತ್ತು.

ಇವರ ತಾಯಿ ಹೇಳಿದ್ದು: "ಬೆಲ್ಲ ಇದ್ದ ಕಡೆ ಇರುವೆ ಅಷ್ಟೇ ಇರಲ್ಲ, ನೊಣಾನೂ ಇರುತ್ತೆ. ನಾನು ದಿನಾ ಬಂದು ಕೂರ್ತೀನಿ."

ಹೇಳಿದ ಹಾಗೆ ಮಾಡುತ್ತಿದ್ದಾರೆ. ಗಾಡಿ ಸಿದ್ಧವಾಗುವವರೆಗೆ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಹಿಡಿದಿದ್ದೇನೆ; ಬೆಳಿಗ್ಗೆ ಅಲ್ಲಿಗೆ ಹೋಗುವಾಗ ಅವರನ್ನು ಅಂಗಡಿಯಲ್ಲಿ ಬಿಟ್ಟು ಹೋಗಬೇಕು, ಮಧ್ಯಾಹ್ನ ಹೋಗಿ ಸೇರಿಕೊಳ್ಳಬೇಕು. ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಗೋಣಿಚೀಲ ಹಾಸಿ ಕೂತಿರುತ್ತಾರೆ. ಅಂಗಡಿಯವರೆಲ್ಲ ಅವರನ್ನು 'ಇನ್ಸ್‌ಪೆಕ್ಟರಮ್ಮ' ಎನ್ನುತ್ತಾರಂತೆ. ಅದನ್ನು ಹೇಳುವಾಗ ಸಿಟ್ಟು ನಟಿಸಿದರು, ಒಳಗೊಳಗೇ ಖುಷಿ.

ಜನವರಿ 28, ಮಂಗಳವಾರ

ಇವರ ತಾಯಿಗೆ ಈಚೆಗೆ ಹೊಸ ಹಠ. ಹಾಸಿಗೆಯಲ್ಲಿ ಮಲಗುವುದಿಲ್ಲ, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಾರೆ. ಕೇಳಿದರೆ, "ಮಲಗಿದ್ರೆ ಯೋಚನೆ ಬರುತ್ತೆ" ಅನ್ನುತ್ತಾರೆ. ಯೋಚನೆ ಯಾರಿಗೆ ಬರುವುದಿಲ್ಲ?

ಎಂಜಿನ್ನಿನ ತಲೆ ಬಿಚ್ಚಿದ್ದಾರೆ. ಜೇನುಬಾಯಿ ಒಳಗೆ ಕೈ ಹಾಕಿ ತೋರಿಸಿದ: ಒಂದು ಸಿಲಿಂಡರಿನ ಗೋಡೆಯಲ್ಲಿ ಉದ್ದಕ್ಕೂ ಗೀರು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಇಷ್ಟು ದಿನ ಇದನ್ನು ಇಟ್ಟುಕೊಂಡೇ ಓಡುತ್ತಿತ್ತಲ್ಲ, ಪಾಪ.

ಫೆಬ್ರವರಿ 6, ಗುರುವಾರ

ಮೊನ್ನೆ, ನಿನ್ನೆ ಇಬ್ಬರೂ ಅಂಗಡಿಗೆ ಹೋಗಿರಲಿಲ್ಲ. ಅವರಿಗೆ ಹೊಟ್ಟೆ ಸರಿಯಿಲ್ಲ, ನನಗೆ ಗೋದಾಮಿನಲ್ಲಿ ಪೂರಾ ದಿನದ ಕೆಲಸ. ಇವತ್ತು ಹೋದೆವು. ಬೆಂಚಿನ ಮೇಲೆ ನಮ್ಮ ಗಾಡಿಯ ಬಿಡಿಭಾಗಗಳನ್ನು ಸಾಲಾಗಿ ಜೋಡಿಸಿದ್ದ. ನೋಡುತ್ತ ಹೋದೆ. ಡೀಸೆಲ್ ಪಂಪಿನ ಹತ್ತಿರ ಬಂದಾಗ ಕಣ್ಣು ನಿಂತಿತು.

ನಮ್ಮ ಪಂಪನ್ನು ಎಂಜಿನ್ನಿಗೆ ಬಿಗಿಯುವ ಕಾಲು ಒಮ್ಮೆ ಮುರಿದು, ಇವರು ಬೆಸುಗೆ ಹಾಕಿಸಿ ತಂದಿದ್ದರು. ಬೆಸುಗೆ ಒರಟಾಗಿದೆ ಎಂದು ಭಾನುವಾರವಿಡೀ ಅರ ಹಿಡಿದು ಉಜ್ಜುತ್ತ ಕೂತಿದ್ದರು, ನಾನು ಬೈದಿದ್ದೆ. ಈ ಪಂಪಿನ ಕಾಲಿನಲ್ಲಿ ಬೆಸುಗೆಯೇ ಇಲ್ಲ, ಎಲ್ಲೂ ಮುರಿದದ್ದೇ ಅಲ್ಲ. ಆದರೆ ಒಳಗೆ ತುಕ್ಕು.

"ಇದು ನಮ್ಮ ಪಂಪಲ್ಲ," ಎಂದೆ.

"ಏನಕ್ಕಾ ಹೀಗಂತೀರಾ? ಎಲ್ಲಾ ಪಂಪೂ ಒಂದೇ ಥರ ಇರುತ್ತೆ ಅಕ್ಕಾ."

ಹಿಂದಿನಿಂದ ಇವರ ತಾಯಿ: "ಎಲ್ಲಾ ಮಕ್ಕಳೂ ಒಂದೇ ಥರ ಇರ್ತಾರೆ ಅಂತ ನಿನ್ನ ಹೆತ್ತವಳಿಗೆ ಹೋಗಿ ಹೇಳು."

ಅವನು ಜೋರು ಮಾಡಿದ. ನಾನೂ ಮಾಡಿದೆ. ಅತ್ತೆ ಮಾತ್ರ ಜೋರು ಮಾಡಲೇ ಇಲ್ಲ. ತಮ್ಮ ಡಬ್ಬ ಎತ್ತಿಸಿಕೊಂಡು ಅಂಗಡಿಯ ಗೇಟಿನ ನಡುಮಧ್ಯೆ ಹಾಕಿ ಕೂತರು. ಬಂದ ಪ್ರತಿಯೊಬ್ಬನಿಗೂ ಶಾಂತವಾಗಿ, "ಒಳಗೆ ಹೋಗೋಕೆ ಮುಂಚೆ ನಿಮ್ಮ ಗಾಡಿ ಪಂಪು ಗುರುತಿಟ್ಕೊಳ್ಳಿ, ನಮ್ಮದು ಕಳೆದೋಗಿದೆ," ಎಂದು ಹೇಳಿದರು. ಕೆಲವರು ನಕ್ಕರು, ಕೆಲವರು ಗಾಡಿ ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಂಪು 'ಅಕಸ್ಮಾತ್ತಾಗಿ' ಹಿಂದಿನ ಶೆಡ್ಡಿನಲ್ಲಿ ಸಿಕ್ಕಿತು.

ಅದನ್ನು ನನ್ನ ಕೈಗೆ ಕೊಟ್ಟಾಗ ಅತ್ತೆ ಬೆಸುಗೆಯ ಮೇಲೆ ಬೆರಳಾಡಿಸಿದರು. "ಎಷ್ಟು ನುಣ್ಣಗೆ ಉಜ್ಜಿದ್ದಾನೆ ನೋಡು," ಎಂದರು. ಅಷ್ಟೇ.

ಬಿಚ್ಚಿದ್ದನ್ನೆಲ್ಲ ಚೀಲಗಳಲ್ಲಿ ತುಂಬಿ ಗಾಡಿಯ ಹಿಂದೆ ಹಾಕಿದೆವು. ಗಾಡಿ ಎಳೆಯುವವನಿಗೆ ಫೋನು ಮಾಡಿ ಬಂದೆ. ಕರುಳು ಕಿತ್ತ ದೇಹದ ಹಾಗಿದೆ ಗಾಡಿ. ಇನ್ನು ಇದನ್ನು ಯಾರು ಮುಟ್ಟುತ್ತಾರೆ?

ಫೆಬ್ರವರಿ 7, ಶುಕ್ರವಾರ

ಎಳೆಯುವವನೇ ಒಂದು ದಾರಿ ಹೇಳಿದ. ಮರದ ಮಂಡಿಯ ಹಿಂದೆ ಒಬ್ಬನಿದ್ದಾನಂತೆ. "ಬಾಯಿ ಸರಿಯಿಲ್ಲ, ಕೈ ಸರಿಯಿದೆ. ನೀವು ಬೈಸಿಕೊಳ್ಳೋಕೆ ತಯಾರಿದ್ರೆ ಅಲ್ಲಿಗೇ ಎಳೀತೀನಿ."

ಬಾಯಿ ಸರಿಯಿದ್ದವನನ್ನು ನೋಡಿಯಾಯಿತು. ಎಳಿ ಎಂದೆ.

ತಗಡಿನ ಶೆಡ್ಡು. ಗೋಡೆಗೆ ಸ್ಪಾನರುಗಳು ಗಾತ್ರದ ಪ್ರಕಾರ ತೂಗುಹಾಕಿದ್ದವು. ಮೆಕ್ಯಾನಿಕ್ಕು ಐವತ್ತು ದಾಟಿದವನು, ಮುಖ ಗಂಟು. ಚೀಲಗಳನ್ನು ನೋಡಿದವನೇ, "ಇನ್ನೊಬ್ಬ ಬಿಚ್ಚಿದ ಎಂಜಿನ್ ನಾನು ಮುಟ್ಟಲ್ಲ. ತಗೊಂಡು ಹೋಗಿ," ಎಂದ.

ನಾನು ಬೇಡಿಕೊಂಡೆ. ಅವನು ಬೆನ್ನು ತಿರುಗಿಸಿದ. ಅತ್ತೆಗೆ ಏದುಸಿರು, ಗೇಟಿನಿಂದ ಶೆಡ್ಡಿನವರೆಗೆ ನಡೆದದ್ದಕ್ಕೇ. ಅಲ್ಲೇ ಒಂದು ಟೈರಿನ ಮೇಲೆ ಕೂತು, "ಮುಟ್ಟಬೇಡಪ್ಪ. ನೋಡು, ಸಾಕು. ನೋಡೋಕೇನು ಕಾಯಿಲೆ?" ಎಂದರು.

ಅವನು ನೋಡಿದ. ಒಂದು ಚೀಲ ಬಿಚ್ಚಿದ, ಮುಚ್ಚಿದ. ಇನ್ನೊಂದು ಬಿಚ್ಚಿದ. ಬೈಯತೊಡಗಿದ, ನಮ್ಮನ್ನಲ್ಲ, ಬಿಚ್ಚಿದವನನ್ನು. "ಬೋಲ್ಟು ಯಾವುದು ಎಲ್ಲೀದು ಅಂತ ಗುರುತೇ ಇಟ್ಟಿಲ್ಲ. ಮನುಷ್ಯನಾ ಇವನು?" ಬೈಯುತ್ತಲೇ ನೆಲದ ಮೇಲೆ ಚಾಪೆ ಹಾಸಿ ಒಂದೊಂದನ್ನೇ ಜೋಡಿಸಿದ. ಸಂಜೆ ನಾವು ಹೊರಡುವಾಗಲೂ ಬೈಯುತ್ತಲೇ ಇದ್ದ. ಗಾಡಿ ಅಲ್ಲೇ ಇದೆ.

ಅತ್ತೆ ಅವನಿಗೆ ಸಿಡುಕ ಎಂದು ಹೆಸರಿಟ್ಟಿದ್ದಾರೆ.

ಫೆಬ್ರವರಿ 17, ಸೋಮವಾರ

ಸಿಡುಕನ ಲೆಕ್ಕದಲ್ಲಿ ಏನೇನು ಆಗಬೇಕು: ಸಿಲಿಂಡರುಗಳ ಒಳಗೋಡೆ ಹೊಸದು, ಪಿಸ್ಟನ್ ಹೊಸದು, ಪಿಸ್ಟನ್ನುಗಳು ತಿರುಗಿಸುವ ದಂಡ, ಕ್ರ್ಯಾಂಕು, ಹೊರಗೆ ಕೊಟ್ಟು ಸಾಣೆ ಹಿಡಿಸಬೇಕು, ಅದರ ಬೇರಿಂಗು ಬದಲಿಸಬೇಕು. ಪಂಪು ಮಾತ್ರ ಹಾಗೇ ಇರಲಿ ಅಂದ. "ಇದನ್ನ ಯಾರೋ ಪ್ರೀತಿಯಿಂದ ಇಟ್ಕೊಂಡಿದ್ದಾರೆ" ಎಂದು ಪಂಪನ್ನು ಬದಿಗಿಟ್ಟ. ಜೇನುಬಾಯಿಯೂ ಇಂಥದೇ ಮಾತು ಆಡಿದ್ದ. ಆದರೆ ಇವನು ನಮ್ಮ ಕಡೆ ನೋಡದೆ ಹೇಳಿದ.

ಆದರೂ ನನಗೆ ನಂಬಿಕೆಯಿಲ್ಲ. ಹಾಲು ಕುಡಿದು ಬಾಯಿ ಸುಟ್ಟವಳು ನಾನು. ಅತ್ತೆಗೂ ಇಲ್ಲ. ದಿನಾ ಟೈರಿನ ಮೇಲೆ ಕಾವಲು. ಸಿಡುಕನಿಗೆ ಅದು ಸಿಟ್ಟು ತರಿಸುತ್ತದೆ. "ನಿಮ್ಮಮ್ಮನಿಗೆ ಬೇರೆ ಕೆಲಸ ಇಲ್ವಾ?" ಎಂದು ನನ್ನನ್ನು ಕೇಳಿದ. ಅಮ್ಮ ಅಲ್ಲ ಎಂದು ನಾನು ತಿದ್ದಲಿಲ್ಲ, ಅತ್ತೆಯೂ ತಿದ್ದಲಿಲ್ಲ. "ಇದೇ ಕೆಲಸ," ಎಂದರು.

ಅತ್ತೆಯ ಚಪ್ಪಲಿ ಬಿಗಿಯಾಗಿದೆಯಂತೆ. ಚರ್ಮ ಬಿಸಿಲಿಗೆ ಕುಗ್ಗಿತು ಎನ್ನುತ್ತಾರೆ. ನನ್ನ ಹಳೆಯ ಅಗಲ ಚಪ್ಪಲಿ ಕೊಟ್ಟೆ.

ಫೆಬ್ರವರಿ 25, ಮಂಗಳವಾರ

ದಾರಿಯಲ್ಲಿ ಇವತ್ತು ಅತ್ತೆ ಇವರ ಬಾಲ್ಯದ ಕಥೆ ಹೇಳಿದರು. ಅಂಗಡಿಯಲ್ಲಿ ಕೊಡಿಸಿದ ಆಟಿಕೆ ಲಾರಿಯನ್ನು ಮನೆಗೆ ಬರುವಷ್ಟರಲ್ಲಿ ಬಿಚ್ಚಿ ಹಾಕಿದ್ದರಂತೆ. ಮತ್ತೆ ಜೋಡಿಸಿ ಕೊಟ್ಟಾಗ ಒಂದು ಚಕ್ರ ಉಳಿದುಹೋಗಿತ್ತಂತೆ. "ಅಮ್ಮಾ ಇದು ಎಕ್ಸ್‌ಟ್ರಾ ಇತ್ತು ಅಂದ!" ಎಂದು ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಒಂದು ಮನೆಯ ಮೆಟ್ಟಿಲ ಮೇಲೆ ಕೂರಿಸಿದೆ. ಡಾಕ್ಟರ ಹತ್ತಿರ ಹೋಗೋಣ ಎಂದೆ. "ಮೊದಲು ಎಂಜಿನ್. ಶೆಡ್ಡಿನ ಧೂಳು ಇದು," ಎಂದರು.

ಹದಿನೆಂಟು ವರ್ಷದ ಸಂಸಾರದಲ್ಲಿ ಈ ಲಾರಿ ಕಥೆ ಇವರು ನನಗೆ ಹೇಳಿಯೇ ಇರಲಿಲ್ಲ.

ಮಾರ್ಚ್ 5, ಬುಧವಾರ

ಸಂಜೆ ಸಿಡುಕ ಮನೆಗೇ ಬಂದ. ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ತೋರಿಸಿದ. ಒಳಗೆ ಅರ್ಧಚಂದ್ರದ ಆಕಾರದ ಬೇರಿಂಗು ಚೂರು, ಹೊಳೆಯುವ ಮೈಮೇಲೆ ಕಪ್ಪು ಗೀರು.

"ಇದು ಹೊಸದು. ಹಾಳಾಗಿದೆ. ಬೇರಿಂಗಿನ ಮುಚ್ಚಳ ತಿರುವುಮುರುವು ಕೂರಿಸಿಬಿಟ್ಟೆ. ಕೈಯಲ್ಲಿ ಕ್ರ್ಯಾಂಕು ತಿರುಗಿಸಿ ನೋಡೋವಾಗ ಬಿಗಿ ಬಂತು, ಬಿಚ್ಚಿದೆ. ತಪ್ಪು ನಂದು. ಬೇರೆ ತರಿಸಿದ್ದೀನಿ, ಅದರ ಖರ್ಚು ನಿಮ್ಮದಲ್ಲ. ಒಂದು ವಾರ ತಡ ಆಗುತ್ತೆ. ಹೇಳಿ ಹೋಗೋಣ ಅಂತ ಬಂದೆ."

ಚಹಾ ಕುಡಿಯಿರಿ ಎಂದೆ. "ತಪ್ಪು ಮಾಡಿದವನಿಗೆ ಚಹಾ ಬೇರೆ," ಎಂದು ಗೊಣಗಿ ಹೋದ.

ಅತ್ತೆ ಬಾಗಿಲವರೆಗೆ ಹೋಗಿ ಅವನು ಬೀದಿ ತಿರುಗುವುದನ್ನು ನೋಡಿ ಬಂದರು. "ಅವನು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಿದ್ರೆ ಇನ್ನು ಅವನನ್ನ ಕಾಯೋದು ಬೇಡ. ತಪ್ಪೇ ಮಾಡದ ಮೆಕ್ಯಾನಿಕ್ಕು ಯಾವನೂ ಇಲ್ಲ. ಮಾಡಿದ್ದನ್ನ ಮನೆಗೆ ಬಂದು ಹೇಳೋನು ಸಿಕ್ಕಿದಾನೆ."

ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು. ಅಂತೂ ಒಂದು ಅಂಗಡಿ ಸಿಕ್ಕಿತು.

ಮಾರ್ಚ್ 14, ಶುಕ್ರವಾರ

ಅತ್ತೆ ಈಗ ಅಂಗಡಿಗೆ ಬರುವುದಿಲ್ಲ. ಸಿಡುಕನ ಮೇಲೆ ಅಷ್ಟು ನಂಬಿಕೆ. ದಿನವಿಡೀ ಕಿಟಕಿಯ ಬಳಿ ಕೂತಿರುತ್ತಾರೆ, ಸಂಜೆ ನಾನು ಬಂದ ಮೇಲೆ ವರದಿ ಒಪ್ಪಿಸಬೇಕು. ಪಿಸ್ಟನ್ ಹಾಕಿದ್ದನ್ನು ಹೇಳಿದೆ. ಹಾಕುವಾಗ ಅದರ ಸುತ್ತಲಿನ ಉಂಗುರಗಳನ್ನು ಹೇಗೆ ಅಮುಕಿ ಹಿಡಿದ, ಎಣ್ಣೆ ಹೇಗೆ ಸವರಿದ, ಎಲ್ಲ ಕೇಳಿದರು. ಊಟ ಅರ್ಧಕ್ಕೇ ಬಿಟ್ಟರು.

ಮಾರ್ಚ್ 18, ಮಂಗಳವಾರ

ಸಿಡುಕ ಇವತ್ತು ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು ಬಂದ. "ನಿಮ್ಮಮ್ಮ ಯಾಕೆ ಬರ್ತಿಲ್ಲ?"

"ನಿಮ್ಮ ಮೇಲೆ ನಂಬಿಕೆ ಬಂದಿದೆ," ಎಂದೆ ನಗುತ್ತ.

ಅವನು ನಗಲಿಲ್ಲ. "ಅವರ ಕಾಲು ನೋಡಿದ್ರಾ? ಟೈರಿನ ಮೇಲೆ ಕೂತಾಗ್ಲೇ ಊದಿಕೊಂಡಿತ್ತು. ನಾನು ಹೇಳೋಣ ಅಂತಿದ್ದೆ, ನನ್ನ ಬಾಯಿ ಸರಿಯಿಲ್ಲ ಅಂತ ಸುಮ್ಮನಾದೆ."

ಹೇಗೆ ಮನೆಗೆ ಬಂದೆನೋ ಗೊತ್ತಿಲ್ಲ. ಕಿಟಕಿಯ ಬಳಿ ಕೂತಿದ್ದವರ ಕಾಲ ಬಳಿ ಕೂತು, ಹೊದಿಕೆ ಸರಿಸಿದೆ. ಬೇಡ ಬೇಡ ಎಂದರು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದೆ. ತೆಗೆದಾಗ ಅಲ್ಲಿ ಗುಳಿ ಬಿತ್ತು. ಗುಳಿ ಹಾಗೇ ಉಳಿಯಿತು.

ಮತ್ತೆ ನಾನು ಪಕ್ಕದಲ್ಲೇ ಕೂತಿದ್ದೆ.

ಮಾರ್ಚ್ 21, ಶುಕ್ರವಾರ

ಆಸ್ಪತ್ರೆ. ಹೃದಯ ದಣಿದಿದೆ ಎಂದರು ಡಾಕ್ಟರು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಅದಕ್ಕೇ ಮಲಗಲು ಆಗುತ್ತಿರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದರು. ಜನವರಿಯ ಆ ದಿಂಬಿನಿಂದ ಎಣಿಸತೊಡಗಿದೆ.

ನೀರಿಗೆ ಔಷಧಿ ಕೊಟ್ಟಿದ್ದಾರೆ. ಹೃದಯಕ್ಕೆ?

"ಚೆನ್ನಾಗಿ ನೋಡ್ಕೊಳ್ಳಿ," ಎಂದರು.

ಮಾರ್ಚ್ 24, ಸೋಮವಾರ

ಮಧ್ಯಾಹ್ನ ವಾರ್ಡು ಖಾಲಿಯಾಗಿತ್ತು. ಎದುರಿನ ಹಾಸಿಗೆಯವಳು ನಿದ್ದೆಯಲ್ಲಿದ್ದಳು. ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಚಮಚ ಹಿಡಿದ ನನ್ನ ಕೈಯನ್ನು ಹಿಡಿದು ನಿಲ್ಲಿಸಿದರು.

"ನನಗೆ ಏನೋ ಆಗ್ತಿದೆ ಅಂತ ನನಗೆ ಗೊತ್ತಿತ್ತು ಕಣೆ. ಅಂಗಡಿ ಗಾಜು ನೋಡ್ತಾ ನಿಲ್ತಿದ್ನಲ್ಲ, ಬಟ್ಟೆ ನೋಡೋಕಲ್ಲ. ಉಸಿರು ಸಿಗ್ತಿರಲಿಲ್ಲ. ನಿನಗೆ ಗೊತ್ತಾಗಬಾರದು ಅಂತ ನಿಲ್ತಿದ್ದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನನ್ನ ಮನೇಲಿ ಕೂರಿಸ್ತಿದ್ದೆ. ಒಬ್ಬಳೇ ಅಂಗಡಿ ಅಲೀತಿದ್ದೆ." ಉಸಿರು ತೆಗೆದುಕೊಂಡರು. "ನಾನು ಮುಚ್ಚಿಟ್ಟೆ, ನಿನಗೆ ಕಾಣಲಿಲ್ಲ. ಅವನೂ ಮುಚ್ಚಿಟ್ಟಿರ್ತಾನೆ. ನನ್ನ ಹೊಟ್ಟೇಲಿ ಹುಟ್ಟಿದವನಲ್ವಾ? ತೋರಿಸಬಾರದು ಅಂತ ಹಟ ಹಿಡಿದವರದ್ದು ಯಾರಿಗೆ ತಾನೇ ಕಾಣುತ್ತೆ? ನಾನು ಆವತ್ತು ಆ ಮಾತು ಆಡಬಾರದಿತ್ತು."

ಗಂಜಿ ಆರಿಹೋಗಿತ್ತು. ಬಿಸಿ ಮಾಡಿಸಿಕೊಂಡು ಬರುತ್ತೇನೆ ಎಂದು ಹೊರಗೆ ಹೋಗಿ, ನಲ್ಲಿಯ ಬಳಿ ನಿಂತು, ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಅತ್ತುಬಿಟ್ಟೆ. ಪಾತ್ರೆ ತೊಳೆಯಲು ಬಂದವಳು ನಲ್ಲಿ ಜೋರಾಗಿ ತಿರುಗಿಸಿದಳು, ನನ್ನ ಸದ್ದು ಯಾರಿಗೂ ಕೇಳದಿರಲಿ ಎಂದೇ ಇರಬೇಕು.

ಏಪ್ರಿಲ್ 2, ಬುಧವಾರ

ಅಮ್ಮ ಮನೆಗೆ ಬಂದರು. ಕಾಲಿನ ಊತ ಇಳಿದಿದೆ. ಮುಖ ಸಣ್ಣಗಾಗಿದೆ. ಉಪ್ಪು ಕಡಿಮೆ ಹಾಕಬೇಕಂತೆ. "ಉಪ್ಪಿಲ್ಲದ ಊಟ, ಹಲ್ಲಿಲ್ಲದ ಬೈಗುಳ," ಎಂದು ಗೊಣಗಿದರು. ಗೊಣಗಿದ್ದು ಕೇಳಿ ಸಮಾಧಾನವಾಯಿತು.

ಏಪ್ರಿಲ್ 8, ಮಂಗಳವಾರ

ಎಂಜಿನ್ ಶುರುವಾಯಿತು!

ಮೊದಲ ಸಲ ಸ್ಟಾರ್ಟರು ತಿರುಗಿತು, ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ಸಿಡುಕ ಡೀಸೆಲ್ ಕೊಳವೆಯ ಗಾಳಿ ತೆಗೆದು, ನನಗೆ ಕಣ್ಸನ್ನೆ ಮಾಡಿದ. ಮೂರನೆಯ ಸಲಕ್ಕೆ ಒಮ್ಮೆ ನಡುಗಿ, ಕೆಮ್ಮಿ, ಹಿಡಿದುಕೊಂಡಿತು. ಆಮೇಲೆ ಒಂದೇ ಸಮ. ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು ತೋರಿಸಿದ. ಎಣ್ಣೆಯ ಒಂದು ಚುಕ್ಕೆಯೂ ಇಲ್ಲ.

ಫೋನಿನಲ್ಲಿ ಅಮ್ಮನಿಗೆ ಕೇಳಿಸಿದೆ. "ಇಷ್ಟು ಮೆತ್ತಗೆ ಮಾತಾಡುತ್ತಾ ಅದು? ಸಿಡುಕನಿಗೆ ಕೊಡು," ಎಂದರು. ಅವನು ಫೋನು ಕಿವಿಗಿಟ್ಟು, "ಹೂಂ. ಹೂಂ. ಹೂಂ ಅಮ್ಮ," ಎಂದು ವಾಪಸು ಕೊಟ್ಟ. ಏನೆಂದರು ಎಂದು ಕೇಳಿದೆ. "ಬೈದ್ರು," ಎಂದ. ಅವನ ಮುಖ ಸಡಿಲವಾದದ್ದನ್ನು ಮೊದಲ ಬಾರಿ ನೋಡಿದೆ.

ಕೊನೆಗೆ ಎಚ್ಚರಿಕೆ: "ಈಗ ಇದು ಹಸುಗೂಸು. ಮೊದಲ ಸಾವಿರ ಕಿಲೋಮೀಟರು ಓಡಿಸಬೇಡಿ, ನಡೆಸಿ. ಭಾರ ಬೇಡ, ವೇಗ ಬೇಡ."

ಏಪ್ರಿಲ್ 13, ಭಾನುವಾರ

ಅಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಮೆಟ್ಟಿಲು ಎತ್ತರ, ಪಕ್ಕದ ಮನೆಯವರಿಬ್ಬರು ಸೇರಿ ಎತ್ತಿ ಕೂರಿಸಬೇಕಾಯಿತು. ನಾನು ಓಡಿಸುವಾಗ ಅವರು ಯಾವತ್ತೂ ಈ ಗಾಡಿ ಹತ್ತಿದವರಲ್ಲ. ಸೊಸೆ ಲಾರಿ ಓಡಿಸುವುದನ್ನು ಕಂಡರೆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದವರು. ಇವತ್ತು ಕಿಟಕಿಯ ಗಾಜು ಇಳಿಸಿಕೊಂಡು ಮೊಣಕೈ ಹೊರಗಿಟ್ಟು ಕೂತರು.

ಊರ ಹೊರಗಿನ ಕೆರೆಯವರೆಗೆ ಹೋಗಿ ಬಂದೆವು. ಹಿಂದಿನಿಂದ ಎಲ್ಲರೂ ಹಾರ್ನು ಹೊಡೆದು, ಬೈದು, ಮುಂದೆ ಹೋಗುತ್ತಿದ್ದರು. ಅಮ್ಮ ಒಬ್ಬೊಬ್ಬನಿಗೂ, "ಹೋಗಪ್ಪ, ನಿನಗೇ ಅವಸರ," ಎಂದು ಕೈ ಬೀಸಿದರು.

ಕೆರೆಯ ತಿರುವಿನಲ್ಲಿ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. "ಅವನಿಗಿಂತ ಚೆನ್ನಾಗಿ ತಿರುಗಿಸ್ತೀಯ," ಎಂದರು. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ವಾಪಸು ಬರುವಾಗ ನೋಡಿದರೆ, ಸೀಟಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಎದೆ ಬಿದ್ದೇಳುವುದನ್ನು ಮತ್ತೆ ಮತ್ತೆ ನೋಡಿ ಖಾತ್ರಿ ಮಾಡಿಕೊಂಡೆ.

ಏಪ್ರಿಲ್ 19, ಶನಿವಾರ

ಅಮ್ಮ ಹೋದರು. ಬೆಳಿಗ್ಗೆ. ಚಹಾ ಮಾಡಲು ಒಳಗೆ ಹೋಗಿದ್ದೆ.

ಏಪ್ರಿಲ್ 23, ಬುಧವಾರ

ಬರೆಯಲು ಇವತ್ತು ಕೂತಿದ್ದೇನೆ.

ಶನಿವಾರ ಪಕ್ಕದ ಮನೆಯವರು ಸ್ಮಶಾನಕ್ಕೆ ಒಯ್ಯುವ ವ್ಯಾನಿಗೆ ಹೇಳುತ್ತೇವೆ ಎಂದರು. ಬೇಡ, ನಮ್ಮ ಗಾಡಿ ಇದೆ ಎಂದೆ. ಒಬ್ಬರು, "ನೀನು ಈ ಸ್ಥಿತೀಲಿ ಓಡಿಸ್ತೀಯಾ?" ಎಂದು ಕೇಳಿದರು. ಇನ್ಯಾರು ಓಡಿಸಬೇಕು?

ಮನೆ ಸಾಮಾನಿಗೆ ಗೀರು ಬೀಳದಿರಲಿ ಎಂದು ಹಾಸುವ ದಪ್ಪ ಕಂಬಳಿಗಳನ್ನೆಲ್ಲ ಹಿಂದೆ ಹಾಸಿದೆ. ಸಿಡುಕ ಬಂದಿದ್ದ. ಯಾರು ಹೇಳಿದರೋ ಗೊತ್ತಿಲ್ಲ. ಒಗೆದ ಅಂಗಿ ಹಾಕಿದ್ದ, ಉಗುರಿನ ಸಂದಿಯ ಎಣ್ಣೆ ಮಾತ್ರ ಹೋಗಿರಲಿಲ್ಲ. ಮಾತಾಡದೆ ಹಿಂದೆ ಹತ್ತಿ, ಅಮ್ಮ ಅಲುಗದ ಹಾಗೆ ಒಂದು ಬದಿಗೆ ಕೈ ಕೊಟ್ಟು ಕೂತ.

ಬೀದಿಯವರು ಗಾಡಿಯ ಹಿಂದೆ ನಡೆದು ಬಂದರು. ನಾನು ಎರಡನೇ ಗೇರಿನಿಂದ ಮೇಲೆ ಹೋಗಲೇ ಇಲ್ಲ. ಎಲ್ಲ ಮುಗಿದ ಮೇಲೆ ಪಕ್ಕದ ಮನೆಯಾಕೆ ನನ್ನ ಭುಜ ಹಿಡಿದು, "ಎಷ್ಟು ಮರ್ಯಾದೆಯಿಂದ ಕರ್ಕೊಂಡು ಬಂದೆ, ಎಲ್ಲೂ ಒಂಚೂರು ಕುಲುಕಲಿಲ್ಲ," ಎಂದು ಅತ್ತಳು. ಎಂಜಿನ್ ಹೊಸದು, ಅಷ್ಟೇ ವೇಗದಲ್ಲಿ ಹೋಗಬೇಕು ಎಂದು ಹೇಳೋಣವೆನಿಸಿತು. ಅಮ್ಮ ಇದ್ದಿದ್ದರೆ ಅದಕ್ಕೆ ನಗುತ್ತಿದ್ದರು.

ಮೇ 12, ಸೋಮವಾರ

ಸಾವಿರ ಕಿಲೋಮೀಟರು ಮುಗಿದಿತ್ತು. ಸಿಡುಕ ಎಣ್ಣೆ ಬದಲಿಸಿ, ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿದು, "ಇನ್ನು ದುಡಿಸಿ," ಎಂದ.

ಇವತ್ತು ಮೊದಲ ಪೂರ್ತಿ ಲೋಡು. ಗಂಡ ಹೆಂಡತಿ, ಇಬ್ಬರೂ ವಯಸ್ಸಾದ ಮೇಲೆ ಮದುವೆಯಾದವರಂತೆ. ಎರಡು ಸಂಸಾರದ ಸಾಮಾನು, ಎಲ್ಲವೂ ಎರಡೆರಡು. ಎರಡು ಮಂಚ, ಎರಡು ಬೀರು, ಎರಡು ಹೊಲಿಗೆ ಯಂತ್ರ. ಯಾವುದನ್ನು ಬಿಡಬೇಕು ಎಂದು ಕೊನೆಯವರೆಗೂ ಜಗಳ, ಕೊನೆಗೆ ಎಲ್ಲವನ್ನೂ ಹೇರಿದರು. ಭಾರಕ್ಕೆ ಗಾಡಿ ತಗ್ಗಿತು.

ಅವರ ಹೊಸ ಮನೆ ಗುಡ್ಡದ ಮೇಲೆ. ಬುಡದಲ್ಲಿ ನಿಂತು ಒಂದು ಗಳಿಗೆ ಮೇಲೆ ನೋಡಿದೆ. ಮೂರನೇ ಗೇರು ಹಾಕಿದೆ. ಎಲ್ಲಿ ಎಳೆತ ಸಾಯುತ್ತದೋ ಎಂದು ಕಾಲು ಕ್ಲಚ್ಚಿನ ಮೇಲೇ ಇತ್ತು. ಸಾಯಲಿಲ್ಲ. ತುದಿಯವರೆಗೂ ಅದೇ ದನಿಯಲ್ಲಿ, ದಣಿಯದೆ ಹತ್ತಿತು. ಕನ್ನಡಿಯಲ್ಲಿ ರಸ್ತೆ, ಮರ, ಕೆಳಗಿನ ಊರು ಎಲ್ಲ ಚೊಕ್ಕವಾಗಿ ಕಾಣುತ್ತಿತ್ತು.

ಸಾಮಾನಿಳಿಸಿ ಮನೆಗೆ ಬರುವ ದಾರಿಯುದ್ದಕ್ಕೂ ಹೇಗೆ ಹೇಳಬೇಕು, ಯಾವುದರಿಂದ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಎರಡು ಹೊಲಿಗೆ ಯಂತ್ರದಿಂದ ಶುರು ಮಾಡಿದರೆ ಚೆನ್ನ ಎನಿಸಿತು. ಗಾಡಿ ನಿಲ್ಲಿಸಿ, ಇಳಿದು, ಬಾಗಿಲ ಮುಂದೆ ನಿಂತು, "ಅಮ್ಮಾ, ಮೂರನೇ ಗೇರಲ್ಲೇ ಹತ್ತಿಬಿಡ್ತು!" ಎಂದೆ.

ಬಾಗಿಲಿಗೆ ಬೀಗ ಹಾಕಿತ್ತು. ಬೀಗದ ಕೈ ನನ್ನ ಕೈಯಲ್ಲೇ ಇತ್ತು.